ನಿಲ್ಸಪ್ಪನ ಕೊನೆಯ ಬ್ಯಾಚು

ಹೆಣದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಡಿದವನ ಬೆನ್ನು ಗೋಡೆಗೆ ಒತ್ತಿತ್ತು. ಹಿಂದೆ ಹಿಡಿದವನು ಮೇಲಿನಿಂದ ಬೈಯುತ್ತಿದ್ದ. ಇಬ್ಬರೂ ಸತ್ತವನ ಕೈಕೆಳಗೆ ಮಾತ್ರೆ ಕಾರ್ಖಾನೆಯಲ್ಲಿ ದುಡಿದವರು.

"ಒಳಗೆ ಮಲಗಿಸೋಕ್ ಮುಂಚೆ ತಿರುವು ನೋಡ್ಬಾರ್ದಿತ್ತಾ?"

"ನೋಡೋ ಮನುಷ್ಯ ಒಳಗಿದ್ದಾನಲ್ಲ, ಅವನನ್ನೇ ಕೇಳು."

ಕೆಳಗೆ ನಿಂತವರು ನಕ್ಕರು. ಸತ್ತವನಿಗೆ ಅವರಿಟ್ಟ ಹೆಸರು ನಿಲ್ಸಪ್ಪ. ಮಿಶ್ರಣ ಸರಿ ಕಾಣದಿದ್ದರೆ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸುತ್ತಿದ್ದ. ನಿಂತ ದಿನ ಅವರ ಓವರ್‌ಟೈಮ್ ಮಣ್ಣುಪಾಲು. ಅಳುವವರು ಯಾರೂ ಇರಲಿಲ್ಲ.

"ಬೇಗ ಇಳಿಸ್ರಯ್ಯಾ," ಎಂದ ಅವನ ಭಾವಮೈದ. ಕಾರ್ಖಾನೆಯ ಮ್ಯಾನೇಜರ್ ಅವನೇ. "ಮಧ್ಯಾಹ್ನದ ಪಾಳಿಗೆ ದೊಡ್ಡ ಮಿಕ್ಸರ್ ಓಡ್ಬೇಕು. ಎದೆಬಡಿತದ ಮಾತ್ರೆ. ಭಾವ ಇದ್ದಿದ್ರೆ ಇವತ್ತೂ ನಿಲ್ಸಿರೋರು."

"ನಿಲ್ಸಿ ನಿಲ್ಸಿನೇ ಮುಗಿದ್ರು," ಎಂದಳು ಸತ್ತವನ ಹೆಂಡತಿ, ತಮ್ಮನ ಮುಖ ನೋಡದೆ. "ನಿನಗೆ ಬಡ್ತಿ ಬಂತು. ಇವರಿಗೆ ಬೈಗುಳ. ಒಂದಿನ ನನ್ನ ಮಾತು ಕೇಳಿದ ಗಂಡಸಲ್ಲ."

ಮಗಳು ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ. ಅವಳೂ ಮಿಕ್ಸರ್ ಕೋಣೆಯಲ್ಲೇ ಕೆಲಸಕ್ಕಿದ್ದಳು. ಬೆಳಿಗ್ಗೆ ಅಪ್ಪನ ಬಟ್ಟೆ ತರುತ್ತೇನೆಂದು ಕಾರ್ಖಾನೆಗೆ ಹೋಗಿಬಂದಿದ್ದಳು.

* * *

ಹಿಂದಿನ ವಾರ ನಿಲ್ಸಪ್ಪ ದೊಡ್ಡ ಮಿಕ್ಸರಿನ ಮೂಲೆಯ ಪುಡಿ, ನಡುವಿನ ಪುಡಿ ಬೇರೆ ಬೇರೆ ತೆಗೆಸಿದ್ದ. ಮೂಲೆಯಲ್ಲಿ ಮದ್ದು ಹೆಚ್ಚಿತ್ತು, ನಡುವೆ ಕಡಿಮೆ. ಚಿಕ್ಕ ಮಿಕ್ಸರಿನಲ್ಲಿ ಚೆನ್ನಾಗಿ ಬೆರೆತದ್ದು ಇಲ್ಲಿ ಬೆರೆತಿರಲಿಲ್ಲ.

"ಕೊನೇಲಿ ಪರೀಕ್ಷೆ ಮಾಡಿದ ಮಾತ್ರೆ ಎಲ್ಲಾ ಪಾಸಾಗಿವೆ, ಭಾವ," ಎಂದಿದ್ದ ಮ್ಯಾನೇಜರ್.

"ಪಾಸಾದವು ಪರೀಕ್ಷೇಲೇ ಪುಡಿಯಾದ್ವು. ಜನ ನುಂಗೋದು ಉಳಿದವನ್ನ. ತುಂಬೋ ಅಳತೆ, ಅಲಗಿನ ವೇಗ ಎಲ್ಲಾ ಮೊದಲಿಂದ ಹೊಂದಿಸ್ಬೇಕು. ಎರಡು ತಿಂಗಳು ಕೊಡು."

"ಅಷ್ಟರಲ್ಲಿ ಬಾಗಿಲು ಹಾಕ್ಬೇಕಾಗತ್ತೆ."

"ಹಾಕು. ಮದ್ದು ಒಂದು ಚಿಟಿಕೆ ಹೆಚ್ಚಾದ್ರೆ ಯಾರದೋ ಎದೆ ನಿಲ್ಲತ್ತೆ. ಮಿಕ್ಸರ್ ನಿಂತ್ರೆ ನಿನ್ನ ಮುಖ ಊದತ್ತೆ, ಅಷ್ಟೇ."

ಕೆಂಪು ಗುಂಡಿ ಒತ್ತಿದ. ಮ್ಯಾನೇಜರ್ ಬಾಗಿಲು ಬಡಿದು ಹೋದ ಮೇಲೆ ಮಗಳಿಗೆ ಹೇಳಿದ: "ಒಳಗಿನ ಸಣ್ಣ ಅಲಗು ಬಿಚ್ಚಿಟ್ರೆ ಇದು ಬರೀ ಡಬ್ಬ. ಹೊಸದು ಮಾಡಿಸಿ ತರೋಕೇ ಎರಡು ತಿಂಗಳು ಬೇಕು."

ಅಪ್ಪ ತಮಾಷೆ ಮಾಡುತ್ತಾನೆಂದು ಅವಳು ಅಂದು ನಕ್ಕಿದ್ದಳು.

* * *

"ಓರೆ ಮಾಡೋ, ಓರೆ ಮಾಡು!"

ಪೆಟ್ಟಿಗೆ ವಾಲಿತು. ಒಳಗೆ ಏನೋ ಜಾರಿ ಠಣ್ಣೆಂದಿತು. ಪೆಟ್ಟಿಗೆ ಮತ್ತೆ ಗೋಡೆಗೆ ಬಿಗಿಯಿತು.

ಅಷ್ಟರಲ್ಲಿ ಕಾರ್ಖಾನೆಯಿಂದ ಮ್ಯಾನೇಜರನಿಗೆ ಫೋನು ಬಂತು. "ಅಲಗು ಇಲ್ವಾ? ಅಂದ್ರೆ? ಬೆಳಿಗ್ಗೆ ಯಾರು ಬಂದಿದ್ರು?" ಕೇಳುತ್ತಲೇ ಅವನ ಕಣ್ಣು ಅಕ್ಕನ ಮಗಳ ಕೈಯ ಮೇಲೆ, ಕೈಯ ಕೆಳಗಿನ ಮುಚ್ಚಳದ ಮೇಲೆ ನಿಂತಿತು.

"ಮುಚ್ಚಳ ತೆಗೀರಿ."

"ಮಾವ, ಬೇಡ," ಎಂದಳು ಮಗಳು.

ಹೆಂಡತಿ ಮಗಳ ಮುಖ ನೋಡಿದಳು. ಮೆಟ್ಟಿಲಿಳಿದು ಬಂದು ಅವಳ ಕೈ ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ಮೇಲೆ ಕೂತಳು.

"ಅವರ ಕನ್ನಡಕ ಅದು."

"ಕನ್ನಡಕ ಹಂಗೆ ಸದ್ದು ಮಾಡತ್ತೇನಕ್ಕ? ಏಳು ಮೇಲೆ!"

"ನನ್ನ ಗಂಡನ ಕನ್ನಡಕ. ನಿನಗೇನೋ ಗೊತ್ತು?"

ಹೊತ್ತವರಿಬ್ಬರೂ ಉಸಿರು ಬಿಗಿಹಿಡಿದು ನಿಂತರು. ಅವಳು ಕಾಲು ಇಳಿಬಿಟ್ಟು, ಎರಡೂ ಕೈಯಿಂದ ಮುಚ್ಚಳದ ಅಂಚು ಹಿಡಿದುಕೊಂಡಳು. ಮ್ಯಾನೇಜರನ ಮುಷ್ಟಿಯೊಳಗಿಂದ ಫೋನು ಕೇಳುತ್ತಲೇ ಇತ್ತು: "ಸಾರ್, ಏನ್ ಮಾಡ್ಲಿ ಸಾರ್? ಸಾರ್?"