ನಾಗವೇಣಿಯ ಕೈಯ ನೀರು

“ಕಸಬರಿಗಿ ಕೆಳಗ ಇಡಬ್ಯಾಡ ನಾಗವೇಣಿ, ಕೈಯಾಗ ಹಿಡ್ಕೋ. ಇಲ್ಲಾಂದ್ರ ನೀ ಯಾರಂತ ಮಂದಿಗೆ ಹ್ಯಾಂಗ ತಿಳೀಬೇಕು?”

ವಡೋದರಾದ ಶಾಲೆಯೊಂದರ ವಿಜ್ಞಾನ ಮೇಳದಲ್ಲಿ ಸುಶೀಲಮ್ಮ ಹೀಗೆ ಗದರಿದಾಗ, ಇದ್ದೊಂದು ಇಳಕಲ್ ಸೀರೆ ಉಟ್ಟು ಬಂದಿದ್ದ ನಾಗವೇಣಿಯ ಮೋರೆ ಸಣ್ಣದಾಯಿತು. ಸುಶೀಲಮ್ಮನ ಮಗಳು ತನ್ವಿಯದು ಸಮಾಜ ವಿಜ್ಞಾನದ ಪ್ರಾಜೆಕ್ಟು. ಮೇಜು ಎರಡು, ನೀರು ಒಂದೇ. ಒಂದರ ಹಿಂದೆ ಯೂನಿಫಾರ್ಮಿನ ಗೆಳತಿ ವಿಂಧ್ಯಾ, ಇನ್ನೊಂದರ ಹಿಂದೆ ಮನೆಗೆಲಸದ ನಾಗವೇಣಿ. ಜನ ಯಾರ ಕೈಯ ನೀರು ಕುಡಿಯುತ್ತಾರೆಂದು ತನ್ವಿ ಮರೆಯಲ್ಲಿ ಕುಳಿತು ಗುರುತು ಹಾಕಿಕೊಳ್ಳುತ್ತಿದ್ದಳು.

ಇದೇ ಊರಿನ ಮಕರಪುರದ ಕಾರ್ಖಾನೆಯಲ್ಲಿ ಗಂಡ ಸತ್ತ ಮೇಲೆ ನಾಗವೇಣಿಗೆ ತನ್ನೂರಿನಲ್ಲೂ ಯಾರೂ ಇರಲಿಲ್ಲ, ಇಲ್ಲೂ ಯಾರೂ ಇಲ್ಲ. ಕನ್ನಡ ಕಿವಿಗೆ ಬೀಳುತ್ತಿದ್ದುದು ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಧಾರವಾಡದಿಂದ ಬಂದಿದ್ದ ಸುಶೀಲಮ್ಮನವರ ಈ ಒಂದು ಮನೆಯಲ್ಲಿ. ಆ ಎರಡು ಮಾತಿನ ಆಸೆಗೆ ಅವಳು ಬಾಲ್ಕನಿಯ ಮೂಲೆಯಲ್ಲಿ ಕುಳಿತು, ತನಗೆಂದೇ ಬೇರೆ ಇಟ್ಟಿದ್ದ ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ನುಂಗಿಕೊಂಡಿದ್ದಳು. ಇವತ್ತೂ ಸುಶೀಲಮ್ಮ ಆ ಕಪ್ಪನ್ನು ಮರೆಯದೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು.

ವಿಂಧ್ಯಾಳ ಜಗ್ಗನ್ನು ಮತ್ತೆ ಮತ್ತೆ ತುಂಬಬೇಕಾಯಿತು. ನಾಗವೇಣಿಯ ಮುಂದೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಲೋಟಕ್ಕೆ ಕೈಚಾಚಿದ ಕೂಸೊಂದನ್ನು ತಾಯಿ ರಟ್ಟೆ ಹಿಡಿದು ಎಳೆದುಕೊಂಡಳು.

“ಇವ್ರ ಹೆಣಾ ಎತ್ಲಿ,” ಎಂದು ನಾಗವೇಣಿ ಗೊಣಗಿದಳು. ಬೈದರೂ ದುಃಖ ಉಕ್ಕಿ ಬಂತು. ಅಷ್ಟು ಜನರ ನಡುವೆ ಅವಳು ಒಬ್ಬಳೇ ಒಬ್ಬಳು.

“ಸೂಪರ್ ರಿಸಲ್ಟ್, ಮಮ್ಮಿ! ಯಾರೂ ಬಂದಿಲ್ಲ!” ತನ್ವಿ ಕುಣಿದಳು.

ಬಹುಮಾನ ಕೊಡುವ ಸಾಹೇಬರು ಬಂದು ತನ್ವಿಯ ಬೆನ್ನು ತಟ್ಟಿದರು. ಸುಶೀಲಮ್ಮ ಉಬ್ಬಿಹೋಗಿ, “ಹಮಾರೇ ಘರ್ ಮೇ ಐಸಾ ಭೇದಭಾವ್ ಬಿಲ್ಕುಲ್ ನಹೀ, ಸರ್,” ಎಂದು ತಮ್ಮ ಮನೆಯಲ್ಲಿ ಇಂಥ ಭೇದವೇ ಇಲ್ಲವೆಂದು ಹಿಂದಿಯಲ್ಲಿ ಹೇಳಿಕೊಂಡರು.

ನಾಗವೇಣಿ ಕಸಬರಿಗೆಯನ್ನು ಮೇಜಿನ ಮೇಲಿಟ್ಟಳು. ಚೀಲದಿಂದ ತನ್ನ ಕಪ್ಪನ್ನು ತೆಗೆದು, ನೀರು ತುಂಬಿ, ಸುಶೀಲಮ್ಮನ ಮುಂದೆ ಹಿಡಿದಳು.

“ಬಾಯಾರಿರಬೇಕು ಅಕ್ಕಾರ. ಕುಡೀರಿ.”

ಸುಶೀಲಮ್ಮ ಸೆರಗು ಒತ್ತಿ ಹಿಡಿದು ಹಿಂದೆ ಸರಿದರು.

“ತನ್ವೀ, ನಿಮ್ಮವ್ವಂದೂ ಗುರ್ತ ಹಾಕ್ಕೋಳವ್ವ.”

“ನಿಕಲ್ ಯಹಾಂ ಸೇ, ಬದ್ತಮೀಜ್!” ಸುಶೀಲಮ್ಮ ಬಾಗಿಲ ಕಡೆ ಕೈ ತೋರಿಸಿ ಕಿರುಚಿದರು. ಇಷ್ಟು ವರ್ಷಗಳಲ್ಲಿ ಅವರು ಅವಳೊಡನೆ ಹಿಂದಿ ಆಡಿದ್ದು ಅದೇ ಮೊದಲು.

ನಾಗವೇಣಿ ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ.

“ಕನ್ನಡದಾಗ ಬೈರಿ ಅಕ್ಕಾರ,” ಎಂದಳು. “ನಾಳಿಂದ ಅದೂ ಕೇಳಾಕ ಸಿಗಂಗಿಲ್ಲ ನನಗ.”