ಏಳನೆಯವನು

೨೦೦೪ರ ಹೊತ್ತಿಗೆ ಮಂಕಿಯ ಕಬಡ್ಡಿ ತಂಡದಲ್ಲಿ ಉಳಿದದ್ದು ಏಳು ಜನ. ಅಂಕಣಕ್ಕಿಳಿಯಲು ಬೇಕಾದದ್ದೂ ಏಳೇ. ಹತ್ತು ವರ್ಷದ ಹಿಂದೆ ತಂಡದಲ್ಲಿ ತಮ್ಮ ಹೆಸರು ಬರಲಿಲ್ಲವೆಂದು ಹುಡುಗರು ಮುನಿಸಿಕೊಂಡು ಊಟ ಬಿಡುತ್ತಿದ್ದ ಊರು ಅದು. ಈಗ ಅರ್ಧ ಹುಡುಗರು ಗೋವೆಯ ಬೋಟುಗಳಲ್ಲಿದ್ದರು, ಊರಲ್ಲಿದ್ದವರಿಗೆ ಕ್ರಿಕೆಟ್ಟೇ ಸಾಕಾಗಿತ್ತು. ಕೈಕೆಲಸಕ್ಕೆ ಒದಗುತ್ತಿದ್ದವರೂ ಕರಗಿಹೋಗಿದ್ದರು. ಅಂಕಣದ ಮಣ್ಣು ಅಗೆದು ಕಲ್ಲು ಹೆಕ್ಕುವುದು, ಸುಣ್ಣದ ಗೆರೆ ಎಳೆಯುವುದು, ನೀರು ಹೊರುವುದು, ಪಂದ್ಯಕ್ಕೆ ಹೋಗಲು ಟೆಂಪೋ ಗೊತ್ತು ಮಾಡುವುದು ಎಲ್ಲ ಹಮ್ಮನೊಬ್ಬನ ಪಾಲಿಗೆ ಬಂದಿತ್ತು. ಹಮ್ಮ ಗಾರೆ ಕೆಲಸದವನು, ಐವತ್ತು ದಾಟಿದವನು. ಅವನು ಸ್ವತಃ ಆಡುವುದನ್ನು ಬಿಟ್ಟು ಹದಿನೈದು ವರ್ಷವಾಗಿತ್ತು.

ತಂಡದ ನಾಯಕ ಮಾಬ್ಲ ಹೊನ್ನಾವರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ವಯಸ್ಸು ಮೂವತ್ತೈದು. ಒಂದು ಕಾಲದಲ್ಲಿ ಅವನು ರೇಡಿಗೆ ಹೊರಟರೆ ಎದುರಿನವರು ತಾವಾಗಿ ಹಿಂದೆ ಸರಿಯುತ್ತಿದ್ದರು. ಹಿಂದಿನ ವರ್ಷ ಕುಮಟೆಯ ಪಂದ್ಯದಲ್ಲಿ ಮಾತ್ರ ಹೋದ ಐದು ಸಲವೂ ಸಿಕ್ಕಿಬಿದ್ದ. ಆರನೆಯ ಸಲ ಎದ್ದಾಗ ಮೈಕಿನವನು, "ಮಂಕಿಯ ಅಜ್ಜ ಮತ್ತೆ ಬರ್ತಾ ಇದ್ದಾರೆ, ದಾರಿ ಬಿಡಿ" ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಆ ನಗುವನ್ನು ಮಾಬ್ಲ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಮರೆಯಲೂ ಇಲ್ಲ.

ಈ ವರ್ಷ ಮತ್ತೆ ಕುಮಟೆಯಿಂದ ಕರೆ ಬಂತು. ಪಂದ್ಯದ ದಿನ ಬೆಳಿಗ್ಗೆ ಅವನು ಹೆಂಡತಿ ಪರಮೇಶ್ವರಿಗೆ, "ಹಮ್ಮಣ್ಣ ಬಂದ್ರೆ ನಂಗೆ ಜ್ವರ ಅಂತ ಹೇಳು" ಎಂದ.

"ಎಂತ ಜ್ವರ? ಈಗಷ್ಟೇ ನಾಲ್ಕು ದೋಸೆ ತಿಂದ್ರಿ."

"ಹೇಳು ಅಂದ್ರೆ ಹೇಳು."

ಅಂಗಳದಲ್ಲಿ ಸೈಕಲ್ಲಿನ ಸದ್ದಾದಾಗ ಅವನು ತಲೆತುಂಬ ಕಂಬಳಿ ಹೊದ್ದು ಮಲಗಿದ್ದ. ಪರಮೇಶ್ವರಿ ಹೇಳಬೇಕಾದದ್ದನ್ನು ಹೇಳಿದಳು. ಹಮ್ಮ, "ಪಾಪ, ಮಲಗ್ಲಿ ಬಿಡು. ಏಳಿಸ್ಬೇಡ. ನಾವು ಹ್ಯಾಂಗಾದ್ರೂ ಮಾಡ್ತೇವೆ" ಎಂದು ಹೊರಟುಹೋದ. ಆರೇ ಜನ ಹೋಗಿ ಏನು ಮಾಡುತ್ತಾರೆ, ಪಂದ್ಯ ಬಿಟ್ಟುಕೊಟ್ಟು ಮಧ್ಯಾಹ್ನಕ್ಕೇ ವಾಪಸು ಬರುತ್ತಾರೆ ಎಂದು ಮಾಬ್ಲ ಕಂಬಳಿಯೊಳಗೇ ಸಮಾಧಾನ ಮಾಡಿಕೊಂಡ.

ಅವರು ಬಂದದ್ದು ಸಂಜೆಗೆ. ತಂಡದ ಒಳ್ಳೆಯ ಆಟಗಾರ ಜಗದೀಶ ನೇರ ಮಾಬ್ಲನ ಮನೆಗೇ ಬಂದ. ಮೈಯೆಲ್ಲ ಕೆಮ್ಮಣ್ಣು.

"ಮಾಬ್ಲಣ್ಣ, ಜ್ವರ ಹ್ಯಾಂಗದೆ? ಮೂರೇ ಪಾಯಿಂಟಿಗೆ ಸೋತ್ವು. ನೀವೊಬ್ರು ಇದ್ದಿದ್ರೆ ಗೆದ್ದೇ ಬರ್ತಿದ್ವು."

"ಮೂರಾ? ಆರೇ ಜನ ಆಡಿ?"

"ಏಳು. ಹಮ್ಮಣ್ಣ ಇಳ್ದ. ಲುಂಗಿ ಬಿಚ್ಚಿಟ್ಟು, ಯಾರದೋ ಚಡ್ಡಿ ಹಾಕ್ಕಂಡು ಮೂಲೇಲಿ ನಿಂತ. ಅವರ ದೊಡ್ಡ ರೇಡರ್ ಇದ್ದಾನಲ್ಲ, ಅವನ ಕಾಲನ್ನೇ ಹಿಡ್ದ. ಬಿಡ್ಲೇ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು." ಜಗದೀಶನ ದನಿ ಇಳಿಯಿತು. "ಆದ್ರೆ ನಾವು ಉಳಿದವರೆಲ್ಲ ಅವನ ಮೇಲೆ ಬಿದ್ವು, ಹಮ್ಮಣ್ಣ ಅಡಿಗೆ ಸಿಕ್ಕ. ಹಮ್ಮಣ್ಣನ ಭುಜದ ಎಲುಬು ಮುರ್ದದೆ. ಎರಡು ತಿಂಗಳು ಕೆಲಸಕ್ಕೆ ಹೋಗುಕಿಲ್ಲ ಅಂದ್ರು ಡಾಕ್ಟ್ರು."

ಒಳಗೆ ಪಾತ್ರೆ ತೊಳೆಯುತ್ತಿದ್ದ ಪರಮೇಶ್ವರಿಯ ಕೈ ನಿಂತಿತು. ಮಾಬ್ಲನಿಗೆ ಅವಳತ್ತ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಅವನು ಹಮ್ಮನ ಮನೆಗೆ ಹೋದ. ನಿಜ ಹೇಳಿಬಿಡಬೇಕೆಂದೇ ಹೊರಟಿದ್ದ. ಜಗಲಿಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿಸಿಕೊಂಡು ಕೂತಿದ್ದ ಹಮ್ಮ ಅವನನ್ನು ಕಂಡವನೇ ಗದರಿದ. "ಜ್ವರ ಬಿಟ್ಟು ಎರಡು ದಿನ ಆಗ್ಲಿಲ್ಲ, ಬಿಸಿಲಲ್ಲಿ ಎಂತಕ್ಕೆ ಬಂದೆ? ಗಣಪೀ, ಇವಂಗೊಂದು ಕಷಾಯ ಮಾಡು!"

ಹಮ್ಮನ ಹೆಂಡತಿ ಗಣಪಿ ಶುಂಠಿ, ಕಾಳುಮೆಣಸು ಜಜ್ಜಿ ಹಾಕಿ ಕಷಾಯ ಕುದಿಸಿ ತಂದಳು. "ಪೂರಾ ಕುಡೀಬೇಕು ತಮಾ, ಮುಖ ನೋಡು ಹ್ಯಾಂಗೆ ಬಾಡದೆ" ಎಂದಳು. ಮಾಬ್ಲ ಲೋಟ ಹಿಡಿದು ಕೂತ. ಎದುರಿನವನ ಮುರಿದ ಭುಜವನ್ನು ನೋಡುತ್ತ, ಬಾರದ ಜ್ವರದ ಕಷಾಯವನ್ನು ಕೊನೆಯ ಗುಟುಕಿನವರೆಗೆ ಕುಡಿದ. ಹೇಳಬೇಕೆಂದಿದ್ದ ಮಾತು ಅದರ ಜೊತೆಗೇ ಒಳಗೆ ಇಳಿದುಹೋಯಿತು.

ಮನೆಯಲ್ಲಿ ಪರಮೇಶ್ವರಿ ಕೇಳಿದಳು. "ಹೇಳಿದ್ರಾ?"

ಅವನು ಕಾಲು ತೊಳೆಯಲು ಚೊಂಬು ಎತ್ತಿಕೊಂಡ.

"ಸುಳ್ಳು ಹೇಳಿದ ಬಾಯಿ ನಂದು. ಗಣಪಕ್ಕ ನಂಗೆ ದಿನಾ ಬಾವಿಕಟ್ಟೇಲಿ ಸಿಗ್ತಾಳೆ. ನಾ ಹ್ಯಾಂಗೆ ಮುಖ ತೋರ್ಸುದು?"

ಮುಂದಿನ ಭಾನುವಾರ ಅವನು ಗುದ್ದಲಿ ಹಿಡಿದು ಒಬ್ಬನೇ ಅಂಕಣಕ್ಕೆ ಹೋದ. ಹಮ್ಮ ಒಂದು ತಾಸಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅವನಿಗೆ ಮೂರು ತಾಸು ಹಿಡಿಯಿತು. ಅಷ್ಟಾದರೂ ಗೆರೆ ಸೊಟ್ಟಗೇ ಬಂತು. ಹುಡುಗರು ಬಂದರು. ಹಮ್ಮನೂ ಬಂದು ಕಲ್ಲಿನ ಮೇಲೆ ಕೂತು, "ಹೆದರಬ್ಯಾಡಿ, ಈಗ ಮಾಬ್ಲ ಗಟ್ಟಿ ಆಗಿದ್ದಾನೆ" ಎಂದ.

ಮಾಬ್ಲನಿಗೆ ತಡೆಯಲಾಗಲಿಲ್ಲ. "ನಂಗೆ ಜ್ವರ ಬಂದೇ ಇರ್ಲಿಲ್ಲ ಹಮ್ಮಣ್ಣ. ಮತ್ತೆ ನಗ್ತಾರೆ ಅಂತ ಬರ್ಲಿಲ್ಲ."

ಜಗದೀಶ ಬಿಚ್ಚಿಟ್ಟಿದ್ದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಅವನ ಹಿಂದೆ ಮತ್ತೆ ಮೂವರು ಹೋದರು. ಹಮ್ಮ ಕೂತಲ್ಲಿಂದಲೇ ಹೇಳಿದ. "ಹೆದರ್ಕೆ ಆತು ಅಂತ ಹೇಳ್ಬಹುದಿತ್ತಲ್ಲ ಮಾರಾಯಾ. ನಾನೂ ಹೆದರ್ಕಂಡೇ ಆಡಿದ್ದೆ."

ತಂಡ ಅಲ್ಲಿಗೆ ಮುಗಿಯಿತು. ಜಗದೀಶ ಕುಮಟೆಯವರ ಜೊತೆ ಆಡತೊಡಗಿದ. ಈಗಲೂ ಬಸ್ಸಿನಲ್ಲಿ ಮಾಬ್ಲ ಎದುರಾದರೆ ಕಿಟಕಿಯ ಹೊರಗೆ ನೋಡುತ್ತಾನೆ. ಮರುವರ್ಷ ಊರಿನ ಶಾಲೆಯ ಹುಡುಗಿಯರು ಕಬಡ್ಡಿ ಕಲಿಯಬೇಕೆಂದಾಗ ಅಂಕಣ ಮಾಡಿಕೊಡಲು ಯಾರೂ ಇರಲಿಲ್ಲ. ಮಾಬ್ಲ ಹೋದ. ಕಲಿಸುವವನು ಹಮ್ಮ. ಅವನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ, ಎಡಗೈಯಲ್ಲೇ ತೋರಿಸುತ್ತಾನೆ. ಹುಡುಗಿಯರು ಅದೇ ಸರಿಯಾದ ರೀತಿಯೆಂದು ಎಡಗೈ ಚಾಚಿ ನಿಲ್ಲುತ್ತಾರೆ. ಆಗ ಮಾಬ್ಲ ಸುಣ್ಣದ ಬುಟ್ಟಿ ಎತ್ತಿಕೊಂಡು, ಗೆರೆ ನೋಡುವವನ ಹಾಗೆ ಅಂಕಣದ ಆಚೆ ತುದಿಗೆ ಹೋಗುತ್ತಾನೆ.