ಕೊಡದ ಸಾಕ್ಷಿ

ಕಾಂತಾ ವೈನಿಯ ಫೋನು ಬಂದಾಗ ನಾನು ಅಂಗಡಿಯ ಹಿಂದಿನ ಅಂಗಳದಲ್ಲಿ ಒಂದು ಪಿಕಪ್ಪಿನ ತಪಾಸಣೆ ಹಾಳೆ ತುಂಬುತ್ತಿದ್ದೆ. ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಅಂಗಡಿಯಲ್ಲಿ ನನ್ನ ಕೆಲಸ ಅದು. ಟಯರು, ಬ್ರೇಕು, ಸ್ಪ್ರಿಂಗು, ಎಂಜಿನ್ನಿನ ಸಪ್ಪಳ, ಒಂದೊಂದನ್ನೂ ನೋಡಿ ಗುರುತು ಹಾಕಿ, ಕೊನೆಗೆ 'ಅಭಿಪ್ರಾಯ' ಎಂದಿರುವಲ್ಲಿ ಎರಡು ಸಾಲು ಬರೆಯುವುದು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಕ್ಕೆ ಸಿಕ್ಕ ಕೆಲಸ. ಮೊದಲು ಆ ಎರಡು ಸಾಲಿಗೆ ಎರಡು ನಿಮಿಷ ಸಾಕಾಗುತ್ತಿತ್ತು. ಗೆಳೆಯ ಅಮರ ಸತ್ತ ಮೇಲೆ ಅರ್ಧ ತಾಸು ಬೇಕು. ಬರೆಯುತ್ತೇನೆ, ಹೊಡೆದು ಹಾಕುತ್ತೇನೆ, ಮತ್ತೆ ಹೋಗಿ ಗಾಡಿಯ ಕೆಳಗೆ ಇಣುಕುತ್ತೇನೆ.

"ಅಣ್ಣಾರ, ಗಾಡಿ ತಗೊಳ್ಳೂದೈತಿ," ಎಂದರು ವೈನಿ. "ಐತವಾರ ಖಾನಾಪುರಕ್ಕ ಬರ್ರಿ. ಕೊಡದ ಬಾಜು ನೀವ ಕುಂದರಬೇಕು."

"ನಾನ ಯಾಕ್ರಿ ವೈನಿ? ಬ್ಯಾರೆ ಯಾರರೆ..."

"ಹಿಂದಿನ ಸಲ ನೀವ ಕುಂತಿದ್ರಿ," ಎಂದು ಅವರು ಫೋನಿಟ್ಟರು.

ಅಮರ ಸಂಜೆ ಕಾಲೇಜಿನಲ್ಲಿ ನನ್ನ ಬೆಂಚಿನವನು. ಎರಡನೆಯ ವರ್ಷಕ್ಕೇ ಬಿಟ್ಟು, ಮನೆಯ ಕೊಡ ಮಡಕೆಗಳ ವ್ಯಾಪಾರಕ್ಕೆ ಇಳಿದ. ಕಾಂತಾ ಅವನ ಹೆಂಡತಿ, ನನಗೆ ವೈನಿ, ಅಂದರೆ ಅತ್ತಿಗೆ. ಖಾನಾಪುರದ ಆ ಮನೆಯಲ್ಲಿ ಹೊಸ ಗಾಡಿ ತರುವ ಮುನ್ನ ಒಂದು ಪರೀಕ್ಷೆ ಮಾಡುತ್ತಾರೆ. ಅದು ಎತ್ತಿನ ಬಂಡಿಯ ಕಾಲದಿಂದ ಬಂದದ್ದು. ಒಂದು ಕೊಡಕ್ಕೆ ಕಂಠದವರೆಗೆ ನೀರು ತುಂಬಿ, ಭತ್ತದ ಹುಲ್ಲಿನ ಸಿಂಬಿಯ ಮೇಲೆ ಬಂಡಿಯಲ್ಲಿಟ್ಟು, ಲೋಂಡಾ ರಸ್ತೆಯ ಜೋಡಿ ಮತ್ತಿಮರದ ತಿರುವಿನವರೆಗೆ ಹೋಗಿ ಬರುವುದು. ಯಾವ ಬಂಡಿಯಲ್ಲಿ ನೀರು ಕಡಿಮೆ ಚೆಲ್ಲುತ್ತದೋ ಅದೇ ಮನೆಗೆ. ಕೊಡದ ಪಕ್ಕ ಒಬ್ಬ ಸಾಕ್ಷಿ ಕೂರಬೇಕು. ಎಲ್ಲಿ ಚೆಲ್ಲಿತು, ಎಷ್ಟು ಚೆಲ್ಲಿತು ಎಂದು ಅವನು ಹೇಳಬೇಕು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೂರಬೇಕು. ಕೊಡವನ್ನು ಮುಟ್ಟುವಂತಿಲ್ಲ.

ನಾಲ್ಕು ವರ್ಷದ ಹಿಂದೆ ನಾನು ಮುಟ್ಟಿದ್ದೆ.

ಆಗಲೂ ಎರಡು ಗಾಡಿ. ಬಿಳಿಯದು ಡೀಸೆಲ್, ನೀಲಿಯದು ಪೆಟ್ರೋಲ್. ಬಿಳಿಯದರಲ್ಲಿ ನಾಲ್ಕು ಬೆರಳು ನೀರು ಚೆಲ್ಲಿತ್ತು. ನೀಲಿಯದರಲ್ಲಿ ಆ ತಿರುವಿಗೆ ಬಂದಾಗ ಗಾಡಿ ತೊನೆಯಿತು, ಕೊಡ ವಾಲಿತು. ಇನ್ನೊಬ್ಬರ ಮನೆಯ ಕೊಡ, ನನ್ನ ಕಣ್ಣೆದುರು ಒಡೆಯಬಾರದು ಎಂದಷ್ಟೇ ಅನಿಸಿತು. ಕೈ ಕಂಕುಳಲ್ಲೇ ಇತ್ತು. ಎರಡು ಮೊಣಕಾಲಿನ ನಡುವೆ ಕೊಡವನ್ನು ಹಿಡಿದುಬಿಟ್ಟೆ. ಹಿಡಿದ ಮೇಲೆ ಬಿಡಲು ಧೈರ್ಯ ಬರಲಿಲ್ಲ. ಊರು ಬರುವವರೆಗೂ ಹಿಡಿದೇ ಇದ್ದೆ. ಅಮರನ ಅಪ್ಪ ಬಾಳಾಸಾಹೇಬ ಕಾಕಾ ನೀರಿನಲ್ಲಿ ಬೆರಳು ಅದ್ದಿ, "ತುಂಬೇ ಐತಲ್ಲೋ," ಎಂದರು. ಹೇಳಬೇಕಿತ್ತು. ಎಲ್ಲರೂ ನಗುತ್ತಿದ್ದರು, ವೈನಿ ಚಹಾ ತಂದರು, ನಾನು ಚಹಾ ಕುಡಿದೆ.

ಒಂದು ವರ್ಷದ ಮೇಲೆ ಮಳೆಗಾಲದಲ್ಲಿ ಅದೇ ತಿರುವಿನಲ್ಲಿ ಅಮರ ಓಡಿಸುತ್ತಿದ್ದ ನೀಲಿ ಗಾಡಿ ಉರುಳಿತು. ಕಾಡುಕೋಣ ಅಡ್ಡ ಬಂದಿರಬಹುದು. ಎಲೆ ಕೊಳೆತು ರಸ್ತೆ ಜಾರಿರಬಹುದು. ಪೊಲೀಸರು ಕಾಗದದಲ್ಲಿ 'ಅತಿವೇಗ' ಎಂದು ಬರೆದರು. ಕೊಡ ಹೇರಿದವನು ಅತಿವೇಗವಾಗಿ ಹೋಗುವುದಿಲ್ಲ ಎಂದು ಬರೆದವರಿಗೆ ಯಾರು ಹೇಳಬೇಕು? ಅಮರ ನೆಹರು ನಗರದ ದವಾಖಾನೆಯಲ್ಲಿ ಎರಡು ದಿನ ಜೀವ ಹಿಡಿದಿದ್ದ. ನನ್ನನ್ನು ನೋಡಿ ಒಂದೇ ಮಾತು ಕೇಳಿದ.

"ಕೊಡ ನಿಂತಾವೇನಲೇ?"

"ನಿಂತಾವ," ಎಂದೆ. ಒಂದೂ ಉಳಿದಿರಲಿಲ್ಲ.

ಅಂದಿನಿಂದ ಬಸ್ಸಿನಲ್ಲಿ ಕೂತರೂ, ಅಂಗಡಿಯ ಕುರ್ಚಿಯಲ್ಲಿ ಕೂತರೂ, ಮೊಣಕಾಲುಗಳ ನಡುವೆ ಏನೋ ತಣ್ಣಗೆ, ದುಂಡಗೆ ಇದ್ದಂತೆ ಆಗುತ್ತದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಡಾಕ್ಟರಿಗೆ ತೋರಿಸು ಎನ್ನುತ್ತಾರೆ.

ಭಾನುವಾರ ಖಾನಾಪುರ ತಲುಪಿದಾಗ ಮಂಜು ಇನ್ನೂ ಕರಗಿರಲಿಲ್ಲ. ಅಂಗಳದಲ್ಲಿ ಎರಡು ಗಾಡಿ ನಿಂತಿದ್ದವು, ಒಂದು ಬಿಳಿ, ಒಂದು ನೀಲಿ. ನೀಲಿಯದು ಅದೇ ನಮೂನೆಯದು. ಅದನ್ನು ನೋಡಿ ಗೇಟಿನಲ್ಲೇ ನಿಂತೆ. ಎರಡನ್ನೂ ಒಬ್ಬ ದಲಾಲನಿಂದ ಒಂದು ದಿನದ ಮಟ್ಟಿಗೆ ತಂದಿದ್ದವನು ವೈನಿಯ ತಮ್ಮ ಬಾಳೇಶ. ಇನ್ನು ಮುಂದೆ ಈ ಮನೆಯ ಗಾಡಿ ಓಡಿಸುವವನು ಅವನೇ. ಅವನೂ ಬಾಳಾಸಾಹೇಬ ಕಾಕಾನೂ ಆಗಲೇ ವಾದಕ್ಕೆ ಬಿದ್ದಿದ್ದರು.

"ಮಾಮಾ, ಬಿಳೇದು ನೋಡಾಕ ಹೋರಿ ಹಂಗ ಐತಿ, ಖರೇ. ಕುಡಿಯೂದೂ ಹೋರಿ ಹಂಗ."

"ಕುಡೀಲಿ. ಏರು ಬಂದಾಗ ಕೆಳಗ ಇಳದು ದಬ್ಬು ಅನ್ನೂದಿಲ್ಲಲ್ಲ."

"ನೀಲೇದರ ಪಾರ್ಟ್ ಯಾವ ಊರಾಗೂ ಸಿಗತಾವು. ಪಾನ್ ಅಂಗಡ್ಯಾಗ ಕೇಳಿದ್ರೂ ಕೊಡತಾರ."

"ಅಷ್ಟ ಕಡೆ ಯಾಕ ಇಟ್ಟಾರ ವಿಚಾರ ಮಾಡಿಯೇನು? ಅಷ್ಟ ಕಡೆ ಕೆಟ್ಟ ನಿಂದರತೈತಿ ಅದು."

ಬಾಳೇಶ ನನ್ನ ಕಡೆ ತಿರುಗಿದ. "ಶಶಿಧರಣ್ಣಾ, ನೀವರೆ ಹೇಳ್ರಿ. ಮುಂದ ಮಾರಾಕ ಹೋದ್ರ ಯಾವುದಕ್ಕ ಬೆಲಿ ಬರತೈತಿ?"

"ಮಾರಾಕ ತಗೊಳ್ಳಾತಿಯೋ, ಕೊಡ ಒಯ್ಯಾಕ ತಗೊಳ್ಳಾತಿಯೋ?" ಎಂದರು ಕಾಕಾ.

ನಾನು ಎರಡನ್ನೂ ಸುತ್ತಿ ನೋಡಿದೆ. ಮಾರುವಾಗ ನೀಲಿಯದಕ್ಕೇ ಗಿರಾಕಿ ಹೆಚ್ಚು, ಮೈಲೇಜೂ ಹೆಚ್ಚು. ಆದರೆ ಗಾಲಿ ಸಣ್ಣವು, ಮೈ ಕಿರಿದು, ತಿರುವಿನಲ್ಲಿ ತೊನೆಯುತ್ತದೆ. ಬಿಳಿಯದರ ಸ್ಪ್ರಿಂಗು ಬಿರುಸು, ಕುಲುಕುತ್ತದೆ, ಆದರೆ ನೆಲ ಹಿಡಿದು ನಿಲ್ಲುತ್ತದೆ. ಇದನ್ನೆಲ್ಲ ಹೇಳಿದೆ. ಹೇಳುತ್ತಿದ್ದಂತೆ, ನನಗೆ ನಿಜವಾಗಿ ಗೊತ್ತಿದೆಯೋ, ಆಮೇಲೆ ಗೊತ್ತಾದದ್ದನ್ನು ಮೊದಲೇ ಗೊತ್ತಿದ್ದಂತೆ ಹೇಳುತ್ತಿದ್ದೇನೋ ಎಂಬ ಅನುಮಾನ ಬಂತು. ಹಿಂದಿನ ಸಲ ಇಂಥದೇ ಮಾತಿನ ನಡುವೆ ವೈನಿ, "ನೀಲೇದು ತಗ್ಗ ಐತಿ, ನಾ ಒಬ್ಬಾಕಿನ ಕೊಡ ಏರಸತೀನಿ," ಎಂದು ಎರಡು ಮೂರು ಸಲ ಹೇಳಿದ್ದರು. ಈ ಸಲ ಅವರು ಹುಲ್ಲು ಸುತ್ತಿ ಸಿಂಬಿ ಮಾಡುತ್ತ ಸುಮ್ಮನೆ ಕೂತಿದ್ದರು.

ಕಾಕಾ ಕೊಡಕ್ಕೆ ನೀರು ತುಂಬಿ, ಪ್ರತಿ ಸಲದಂತೆ ವಿಭೂತಿಯನ್ನು ನೆನೆಸಿ, ಕೊಡದ ಹೊಟ್ಟೆಯ ಮೇಲೆ ನಾಲ್ಕೂ ದಿಕ್ಕಿಗೆ ಮೂರು ಮೂರು ಬೆರಳು ಎಳೆದರು. ಅದು ಒಣಗಿ ಬೆಳ್ಳಗಾಯಿತು. ಮೊದಲು ನೀಲಿಯದು. ಬಾಳೇಶ ಸ್ಟೇರಿಂಗಿಗೆ ಕೂತ. ನಾನು ಹಿಂದೆ ಹತ್ತಿ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡೆ.

ಊರು ದಾಟಿದ ಮೇಲೆ ಎರಡೂ ಕಡೆ ಸಾಗವಾನಿ ಮರಗಳು. ಮಂಜಿನಲ್ಲಿ ಬುಡಗಳಷ್ಟೇ ಕಾಣುತ್ತಿದ್ದವು. ದೂರದಲ್ಲಿ ಲೋಂಡಾ ಕಡೆಯ ರೈಲು ಕೂಗಿತು. ಕೊಡದ ನೀರು ಅಂಚಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಎದುರಿನ ಮೂಲೆ ಖಾಲಿ ಇತ್ತು. ಆದರೂ ಅಲ್ಲಿ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ ಇದೆ ಎಂದು ನಾನು ಮತ್ತೆ ಮತ್ತೆ ಅಳೆಯುತ್ತಿದ್ದೆ.

ಜೋಡಿ ಮತ್ತಿಮರ ಬಂತು. ಗಾಡಿ ತೊನೆಯಿತು. ಕೊಡ ನನ್ನ ಕಡೆಗೇ ವಾಲಿತು. ನನ್ನ ಮೊಣಕಾಲುಗಳು ತಾವಾಗಿಯೇ ತೆರೆದವು. ಹಲ್ಲು ಕಚ್ಚಿ ಅವನ್ನು ಎದೆಗೆ ಎಳೆದುಕೊಂಡೆ. ಕೊಡ ಒಂದು ಕ್ಷಣ ಹಾಗೇ ಓರೆಯಾಗಿ ನಿಂತಿತು, ಯಾರೋ ಹಿಡಿಯುತ್ತಾರೆಂದು ಕಾಯುವ ಹಾಗೆ. ಆಮೇಲೆ ಉರುಳಿ ಹಿಂದಿನ ಬಾಗಿಲಿಗೆ ಬಡಿದು ಒಡೆಯಿತು.

ಬಾಳೇಶ ಗಾಡಿ ನಿಲ್ಲಿಸಿ ಬಂದು ನೋಡಿದ. "ನಾ ಹಗರಕ ಹೊಂಟಿದ್ನಿರಿ ಅಣ್ಣಾ. ದೇವರಾಣೆ, ಹಗರಕ ಹೊಂಟಿದ್ನಿ."

"ಗೊತ್ತೈತಿ," ಎಂದೆ. ಅಮರನೂ ಹಗುರಾಗಿಯೇ ಹೋಗುತ್ತಿದ್ದ.

ಅಂಗಳಕ್ಕೆ ಬಂದು ಇಳಿದಾಗ ವೈನಿ ಒಡೆದ ಕೊಡದ ಬೋಕಿಗಳನ್ನು ನೋಡಲಿಲ್ಲ. ನನ್ನ ಮೊಣಕಾಲು ನೋಡಿದರು. ಪ್ಯಾಂಟು ಪೂರ್ತಿ ನೆನೆದಿತ್ತು.

"ಈ ಸಲ ಬೂದಿ ಹತ್ತಿಲ್ಲ," ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ಸಲ ನಾನು ಕಪ್ಪು ಪ್ಯಾಂಟು ಹಾಕಿದ್ದೆ, ಕೊಡದ ವಿಭೂತಿ ಅದಕ್ಕೆ ಹತ್ತಿತ್ತು. ಚಹಾ ಕೊಡಲು ಬಗ್ಗಿದಾಗ ಅವರು ನೋಡಿದ್ದರು.

"ವೈನಿ, ನಾ ಹಿಡದಿದ್ನಿ," ಎಂದೆ. ನಾಲ್ಕು ವರ್ಷದಿಂದ ಬಾಯಲ್ಲಿ ಉರು ಹೊಡೆದ ಮಾತುಗಳು ಬೇರೆಯೇ ಇದ್ದವು. ಒಂದೂ ನೆನಪಾಗಲಿಲ್ಲ. "ಕಾಕಾ, ಆವತ್ತ ನೀಲೇದರಾಗ ಕೊಡ ಬೀಳತಿತ್ರಿ. ನಾ ಮೊಣಕಾಲಾಗ ಹಿಡದಿದ್ನಿ. ಹೇಳಲಿಲ್ಲ."

ಕಾಕಾ ಪಡಸಾಲೆಯ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು. ಬೈಯಲಿ ಎಂದು ನಾನು ಕಾದೆ.

"ನನಗ ಗೊತ್ತಿತ್ತು," ಎಂದರು ವೈನಿ, ಮಾವನ ಕಡೆ ನೋಡದೆ. "ಎರಡೂ ಮೊಣಕಾಲಿಗೆ ದುಂಡಗ ಬೂದಿ ಹತ್ತಿತ್ತು. ನೋಡಿದ್ನಿ. ನನಗ ನೀಲೇದ ಬೇಕಾಗಿತ್ತು, ತಗ್ಗ ಐತಿ ಅಂತ. ಬಾಯಿ ಬಿಡಲಿಲ್ಲ. ಅಂವಗೂ ಹೇಳಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಅಂದರು, "ನೀವ ಮೊದಲ ಹೇಳತೀರೇನು ಅಂತ ಕಾದೇ ಕಾದೆ ಅಣ್ಣಾರ. ನೀವ ಹೇಳಿದ್ರ ನಾನೂ ಹೇಳಬೌದಿತ್ತು."

ನೀಲಿ ಗಾಡಿಯ ಹಿಂಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಿಳೇದು ನೋಡೂದೈತೋ ಇಲ್ಲೋ?" ಎಂದರು ಕಾಕಾ ಕೊನೆಗೆ. "ಈ ಹುಡುಗನ್ನ ಯಾವುದರಾಗ ಕಳಸೂದು ಅಂತ ನನಗ ತಿಳೀಬೇಕು."

ಎರಡನೆಯ ಕೊಡ ತಂದು ತುಂಬಿದರು, ವಿಭೂತಿ ಎಳೆದರು. ಬಾಳೇಶ ಸ್ಟೇರಿಂಗಿನ ಹತ್ತಿರ ಹೋಗಲಿಲ್ಲ. "ನೀವ ಓಡಸ್ರಿ," ಎಂದು ವೈನಿ ನನಗೆ ಹೇಳಿ, ಸೆರಗು ಸಿಕ್ಕಿಸಿಕೊಂಡು ತಾವೇ ಹಿಂದೆ ಹತ್ತಿದರು. ಆ ತಿರುವಿನಲ್ಲಿ ನಾನು ಇಲ್ಲಿಯವರೆಗೆ ಗಾಡಿ ಓಡಿಸಿರಲಿಲ್ಲ. ಹಿಂದೆ ನೋಡುವ ಕನ್ನಡಿಯಲ್ಲಿ ಅವರ ಮುಖವಷ್ಟೇ ಕಾಣುತ್ತಿತ್ತು. ತಿರುವಿನಲ್ಲಿ ಗಾಡಿ ಕುಲುಕಿತು. ನೀರಿನ ಸಪ್ಪಳ ಕೇಳಲಿಲ್ಲ. ಬರುವಾಗಲೂ ಕೇಳಲಿಲ್ಲ.

ಅಂಗಳದಲ್ಲಿ ಕಾಕಾ ನೀರಿನಲ್ಲಿ ಬೆರಳು ಅದ್ದಿದರು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

ಬಾಳೇಶ, "ಆತಲ್ಲ, ಬಿಳೇದ ಪಕ್ಕಾ," ಎಂದ.

ನಾನು ಕೊಡದ ಸುತ್ತ ಬಂದು ನೋಡಿದೆ. ವೈನಿ ಕೂತ ಬದಿಯ ವಿಭೂತಿ ಹಾಗೇ ಇತ್ತು. ಎದುರು ಬದಿಯಲ್ಲಿ, ಖಾಲಿ ಮೂಲೆಯ ಕಡೆ, ಎರಡು ಕಡೆ ದುಂಡಗೆ ಅಳಿಸಿಹೋಗಿತ್ತು.

ಸುಮ್ಮನಿರಬಹುದಿತ್ತು. ಪರೀಕ್ಷೆ ಮುಗಿದಿತ್ತು, ಎಲ್ಲರಿಗೂ ಬೇಕಾದದ್ದೇ ಆಗಿತ್ತು. ಹಿಂದಿನ ಸಲವೂ ಹಾಗೇ ಆಗಿತ್ತು.

"ವೈನಿ, ತಪ್ಪ ತಿಳೀಬ್ಯಾಡ್ರಿ," ಎಂದೆ. "ಸೀರಿ ಮೊಣಕಾಲ ಕಡೆ ತೋರಸ್ರಿ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸೀರೆಯ ನಿರಿಗೆ ಎಳೆದು ಬೆಳಕಿಗೆ ಹಿಡಿದರು. ಕಡುಹಸಿರು ಸೀರೆ. ಬೂದಿಯ ಗುರುತಿಲ್ಲ, ನೀರಿನ ಗುರುತೂ ಇಲ್ಲ. ಆಮೇಲೆ ನಾನು ಬೆರಳು ತೋರಿಸಿದಲ್ಲಿ ಅವರೂ ನೋಡಿದರು. ಅವರ ಕೈ ಮೆಲ್ಲಗೆ ಬಾಯಿಗೆ ಹೋಯಿತು.

ಕಾಕಾ ಅಳಿಸಿದ ಜಾಗದ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಮಡಕೆ ಸುಡುವ ಮೊದಲು ಹಸಿ ಮಣ್ಣನ್ನು ಮುಟ್ಟಿ ನೋಡುವ ಹಾಗೆ. ನಂತರ ಅಳಿಸಿದಲ್ಲಿ ಹೊಸದಾಗಿ ವಿಭೂತಿ ಎಳೆದರು.

"ಮತ್ತೊಂದ ಸಲ ಹೋಗ್ರಿ," ಎಂದರು. "ಅಂವಗ ಹೇಳ್ರಿ, ಕಾಲು ತಗಿ ಅಂತ."

ಮತ್ತಿಮರಗಳ ಹತ್ತಿರ ಗಾಡಿ ನಿಲ್ಲಿಸಿದೆ. ಎಂಜಿನ್ನು ಬಂದ್ ಮಾಡಿದೆ. ಎಲೆಗಳಿಂದ ಮಂಜು ಹನಿಯುವುದು ಕೇಳುತ್ತಿತ್ತು. ಹೇಗೆ ಹೇಳಬೇಕೆಂದು ತಿಳಿಯದೆ, ಬೆಂಚಿನಲ್ಲಿ ಪಕ್ಕ ಕೂತವನಿಗೆ ಹೇಳುವಂತೆ ಹೇಳಿದೆ.

"ಅಮರಾ, ಬಿಡೋ. ಆವತ್ತ ನಾ ಸುಳ್ಳ ಹೇಳಿದ್ನಿ. ಒಂದೂ ನಿಂತಿರಲಿಲ್ಲ."

ಹಿಂದಿನಿಂದ ವೈನಿಯ ದನಿ ಕೇಳಿತು. ಅವರೂ ಏನೋ ಹೇಳುತ್ತಿದ್ದರು, ಬಹಳ ಸಣ್ಣಗೆ. ಅದು ನನಗೆ ಹೇಳಿದ್ದಲ್ಲ.

ಗಾಡಿ ಚಾಲೂ ಮಾಡಿ ತಿರುವಿಗೆ ಬಿಟ್ಟೆ. ಗಾಡಿ ಕುಲುಕಿತು. ಹಿಂದೆ ನೀರು ಪಳಕ್ಕನೆ ಚೆಲ್ಲಿದ ಸಪ್ಪಳ ಕೇಳಿತು, ಮತ್ತೊಮ್ಮೆ ಕೇಳಿತು. ನನ್ನ ಮೊಣಕಾಲುಗಳ ನಡುವೆ ಈಗ ಏನೂ ಇರಲಿಲ್ಲ.

ತಿರುವು ದಾಟಿದ ಮೇಲೆ ವೈನಿ ಹಿಂದಿನ ಗಾಜು ತಟ್ಟಿದರು.

"ನಾಕ ಬೆರಳ ಚೆಲ್ಲೈತಿ ಅಣ್ಣಾರ," ಎಂದರು. "ಕೊಡ ನಿಂತೈತಿ."